ದೊಡ್ಡಪ್ಪನ ಕೆರೆ ಪುಸ್ತಕ, ಪೌಂಡ್ ಗುರುತಿನ ‘ನ’

ಒಂದು ಭಾನುವಾರ ಬೆಳಗ್ಗೆ ದೊಡ್ಡಪ್ಪನ ಫೋನ್ ಬಂತು. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. “ನನ್ನ ಪುಸ್ತಕಕ್ಕೆ ವೈರಸ್ ಬಂದಿದೆ ಮಾರಾಯ. ಅಂಗಡಿಯವನು 700 ರೂಪಾಯಿ ತಗೊಂಡ. ವೈರಸ್ ಹೋಗಲಿಲ್ಲ, ಕಂಪ್ಯೂಟರ್ ಪೂರ್ತಿ ಖಾಲಿಯಾಯ್ತು.”

ನಾನು ಕಂಪ್ಯೂಟರ್ ಓದಿದವನಲ್ಲ. ಆದರೆ ಬಳಗದಲ್ಲಿ ಒಂದು ಸಲ ಯಾರದ್ದೋ ಪ್ರಿಂಟರ್ ಸರಿ ಮಾಡಿಕೊಟ್ಟರೆ ಸಾಕು, ಆಮೇಲೆ ಜೀವಮಾನವಿಡೀ ನೀವೇ ಇಂಜಿನಿಯರ್. ಹಾಗೆ ಈ ಕೇಸು ನನ್ನ ಕೈಗೆ ಬಂತು. ಮುಗಿಯಲು ಮೂರು ವಾರ ಹಿಡಿಯಿತು. ಇಂಥದ್ದೇ ಗೋಳು ಎಷ್ಟೋ ಮನೆಗಳಲ್ಲಿದೆ. ಅದಕ್ಕೇ ಎಲ್ಲವನ್ನೂ, ನಾನು ಮಾಡಿದ ತಪ್ಪನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ದೊಡ್ಡಪ್ಪನಿಗೆ 78 ವರ್ಷ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು, ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. 2006ರಲ್ಲಿ ಊರ ಕೆರೆಯ ಮೇಲೆ 96 ಪುಟದ ಒಂದು ಪುಸ್ತಕ ಬರೆದರು. ಕೆರೆ ಕಟ್ಟಿಸಿದ್ದು ಯಾರು ಅನ್ನುವುದಕ್ಕೆ ಊರವರು ಹೇಳುವ ಕತೆಗಳು, ತೂಬಿನ ಪಕ್ಕದ ಕಲ್ಲು, ಯಾರ ಗದ್ದೆಗೆ ಯಾವ ದಿನ ನೀರು ಅನ್ನುವ ಲೆಕ್ಕ, 2 ಜಗಳಗಳು, 1 ರಾಜಿ ಪಂಚಾಯ್ತಿ. ಪೇಟೆಯ ಡಿಟಿಪಿ ಸೆಂಟರಿನಲ್ಲಿ ಟೈಪ್ ಮಾಡಿಸಿ 300 ಪ್ರತಿ ಹಾಕಿಸಿದ್ದರು. ಡಿಟಿಪಿಯವರು ಒಂದು ಸಿ.ಡಿ. ಕೊಟ್ಟು, “ಸಾರ್, ಜೋಪಾನ, ಮುಂದೆ ಬೇಕಾಗ್ತದೆ” ಅಂದಿದ್ದರಂತೆ. ದೊಡ್ಡಪ್ಪ ಅದನ್ನು ದೊಡ್ಡಮ್ಮನ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದರು. ಅದಕ್ಕಿಂತ ಜೋಪಾನ ಆ ಮನೆಯಲ್ಲಿ ಇನ್ನೊಂದಿಲ್ಲ.

ಈಗ ಬೇಕಾಯಿತು. ಊರವರೆಲ್ಲ ಸೇರಿ ಕೆರೆಯ ಹೂಳೆತ್ತಿಸಿದ್ದಾರೆ. ಈ ಸಲ ಕೆರೆ ತುಂಬಿದಾಗ ಬಾಗಿನ ಕೊಡುವ ದಿನವೇ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಬೇಕು ಅಂತ ಎಲ್ಲರ ಆಸೆ. ದೊಡ್ಡಪ್ಪನ ಮಗ ಅಮೆರಿಕದಲ್ಲಿದ್ದಾನೆ. ಹೋದ ವರ್ಷ ಬಂದಾಗ ಒಂದು ಹೊಸ ಲ್ಯಾಪ್‌ಟಾಪ್ ಕೊಡಿಸಿ ಹೋಗಿದ್ದ. ಸಿ.ಡಿ. ಇದೆ, ಲ್ಯಾಪ್‌ಟಾಪ್ ಇದೆ, ಇನ್ನೇನು ಬೇಕು ಅಲ್ವಾ?

ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ. ದೊಡ್ಡಪ್ಪ ಅದನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, “ಇದಕ್ಕೆ ಬಾಯೇ ಇಲ್ಲ” ಅಂದರಂತೆ. ಕೊನೆಗೆ ಊರ ಶಾಲೆಯಲ್ಲಿ ಮೂಲೆ ಸೇರಿದ್ದ ಹಳೇ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕಿಸಿ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದರು. ಅದರಲ್ಲಿ ಎರಡು ಫೈಲ್ ಇದ್ದವು. ಒಂದು ವರ್ಡ್‌ನದ್ದು. ಇನ್ನೊಂದು ಪುಸ್ತಕದ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರಿನದ್ದು. ಎರಡನೆಯದಕ್ಕೆ ಹೊಸ ಲ್ಯಾಪ್‌ಟಾಪ್ ಒಂದು ಬಿಳಿ ಹಾಳೆಯ ಗುರುತು ತೋರಿಸಿ ಸುಮ್ಮನಾಯಿತು. ಮೊದಲನೆಯದು ತೆರೆಯಿತು.

ತೆರೆದಾಗ ಕಂಡದ್ದು ಕನ್ನಡವಲ್ಲ. ಇಂಗ್ಲಿಷೂ ಅಲ್ಲ. ತಲೆಯ ಮೇಲೆ ಗೆರೆ ಎಳೆದ ಎ, ಕೊಂಬು ಬಂದ ಇ, ಅಲ್ಲಲ್ಲಿ ಬ್ರಿಟಿಷರ ಪೌಂಡ್ ಗುರುತು, ಜಪಾನಿನ ಯೆನ್ ಗುರುತು. 96 ಪುಟವೂ ಹೀಗೇ.

ನಾಲ್ಕು ವೈದ್ಯರು, ನಾಲ್ಕು ಕಾಯಿಲೆ

ಮೊದಲ ವೈದ್ಯ ಪೇಟೆಯ ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗ. ಪೌಂಡು, ಯೆನ್ನು ನೋಡಿದವನೇ “ಇದು ರ‍್ಯಾನ್ಸಮ್‌ವೇರ್ ಸಾರ್. ಫೈಲ್ ಲಾಕ್ ಮಾಡಿ ದುಡ್ಡು ಕೇಳ್ತಾರೆ” ಅಂದ. ಅಂಥ ವೈರಸ್ ಇರುವುದು ನಿಜ, ಅದು ಫೈಲುಗಳನ್ನು ಓದಲಾಗದಂತೆ ಮಾಡಿ ದುಡ್ಡು ಕೇಳುವುದೂ ನಿಜ. ಆದರೆ ಅದು ದುಡ್ಡು ಕೇಳುವುದು ಒಂದು ಚೀಟಿ ಬರೆದಿಟ್ಟು. ಕೆರೆಯ ಪುಸ್ತಕದ ನಡುವೆ ಪೌಂಡ್ ಗುರುತು ಉದುರಿಸಿ ಅಲ್ಲ. ಹುಡುಗ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿದ. ಮೊಮ್ಮಗಳ ಫೋಟೋಗಳು ಹೋದವು. ಪುಣ್ಯಕ್ಕೆ ಅವು ಮಗನ ಫೋನಿನಲ್ಲೂ ಇದ್ದವು. ಫಾರ್ಮ್ಯಾಟ್ ಆದ ಮೇಲೆ ಪೆನ್‌ಡ್ರೈವ್ ಚುಚ್ಚಿ ಫೈಲ್ ತೆರೆದರೆ ಮತ್ತದೇ ಪೌಂಡು, ಅದೇ ಯೆನ್ನು. “ಹಾಗಾದ್ರೆ ಸಿ.ಡಿ.ನೇ ಹಾಳಾಗಿದೆ ಸಾರ್” ಅಂದನಂತೆ. 700 ರೂಪಾಯಿ ವಾಪಸ್ ಕೊಡಲಿಲ್ಲ.

ಎರಡನೆಯವನು ಪಕ್ಕದ ಮನೆಯ ಕಾಲೇಜು ಹುಡುಗ. ವರ್ಡ್ “ಒರಿಜಿನಲ್” ಅಲ್ಲ, ಅದಕ್ಕೇ ಹೀಗೆ ಅಂತ ಅವನ ತೀರ್ಮಾನ. ಫಾರ್ಮ್ಯಾಟ್ ಆದ ಮೇಲೆ ವರ್ಡ್ ಲಾಗಿನ್ ಕೇಳುತ್ತಿತ್ತು, ಅದನ್ನು ನೋಡಿ ಹಾಗಂದ. ಲಾಗಿನ್ ಮಾಡಲು ಓಟಿಪಿ ಬೇಕು. ಓಟಿಪಿ ಹೋಗುವುದು ಮಗನ ಅಮೆರಿಕದ ನಂಬರಿಗೆ. ಇಲ್ಲಿ ಬೆಳಗ್ಗೆ 11 ಗಂಟೆ ಅಂದರೆ ಅಲ್ಲಿ ನಡುರಾತ್ರಿ ದಾಟಿರುತ್ತದೆ. ಅವನು ಎದ್ದು ನೋಡಿ ನಂಬರ್ ಕಳಿಸುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಮೂರು ದಿನ ಹೀಗೇ ನಡೆಯಿತು. ಸ್ವಂತ ಮನೆಯ ಬಾಗಿಲಿನ ಬೀಗದ ಕೈ ಸಮುದ್ರದಾಚೆ ಮಲಗಿರುತ್ತದೆ ಅನ್ನುವುದು ನನಗಂತೂ ಈ ಕಾಲದ ಅತಿ ವಿಚಿತ್ರ ಸಂಗತಿ. ಅಂತೂ ಲಾಗಿನ್ ಆಯಿತು. ಒರಿಜಿನಲ್ ವರ್ಡೂ ಅದೇ ಪೌಂಡು ತೋರಿಸಿತು.

ಮೂರನೆಯವನು ಅಮೆರಿಕದ ಮಗನೇ. ವಾಟ್ಸ್‌ಆ್ಯಪಿನಲ್ಲಿ ಫೈಲ್ ತರಿಸಿಕೊಂಡು, ತನ್ನ ಫೋನಿನಲ್ಲೂ ಹಾಗೇ ಕಂಡದ್ದರಿಂದ, “ಅಪ್ಪಾ, ಫೈಲ್ ಕರಪ್ಟ್ ಆಗಿದೆ, ಬಿಟ್ಟುಬಿಡು” ಅಂದ.

ನಾಲ್ಕನೆಯದು ಒಂದು ಡಿಟಿಪಿ ಸೆಂಟರ್. 2006ರಲ್ಲಿ ಕೆಲಸ ಮಾಡಿದ ಸೆಂಟರ್ ಈಗಿಲ್ಲ, ಇದು ಬೇರೆಯದು. ಇವರು ಕಾಯಿಲೆಯ ಗೊಡವೆಗೇ ಹೋಗಲಿಲ್ಲ. ಪುಸ್ತಕ ನೋಡಿಕೊಂಡು ಹೊಸದಾಗಿ ಟೈಪ್ ಮಾಡುತ್ತೇವೆ, ಪುಟಕ್ಕೆ 40 ರೂಪಾಯಿ ಅಂದರು. 96 ಪುಟಕ್ಕೆ 3,840 ರೂಪಾಯಿ. ಮೇಲೆ ಪ್ರೂಫ್ ತಿದ್ದುವುದು ಮತ್ತೆ ದೊಡ್ಡಪ್ಪನ ಹಣೆಬರಹ.

ಗಮನಿಸಿ, ನಾಲ್ವರಲ್ಲಿ ಒಬ್ಬರೂ ಆ ಅಕ್ಷರಗಳನ್ನು ಓದಲು ನೋಡಲಿಲ್ಲ.

ಪುಟಾಣಿ ಎರಡು

ನಾನು ಹೋದ ದಿನ ಮಳೆ. ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. ದೊಡ್ಡಪ್ಪ ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟು, ಡಾಕ್ಟರ ಮುಂದೆ ಕೂತ ರೋಗಿಯ ಕಡೆಯವರ ಥರ ಮುಖ ನೋಡುತ್ತಾ ಕೂತರು.

ಮೊದಲ ಸಾಲಿನ ಮೊದಲ ಗುರುತು, ಗಣಿತದಲ್ಲಿ ವರ್ಗಕ್ಕೆ ಹಾಕುತ್ತೇವಲ್ಲ, ಆ ಮೇಲಕ್ಕೆ ಏರಿದ ಪುಟಾಣಿ 2. ಅದರ ಪಕ್ಕ ಎ ಮತ್ತು ಇ ಅಂಟಿಕೊಂಡ ಒಂದು ಅಕ್ಷರ. ಅದರ ಪಕ್ಕ ತಲೆಯ ಮೇಲೆ ಅಲೆ ಇರುವ ಎ. ನನಗೆ ನಗು ಬಂತು. ಹತ್ತು ಹದಿನೈದು ವರ್ಷ ಹಿಂದೆ ಕನ್ನಡದ ಸರ್ಕಾರಿ ಪತ್ರಗಳನ್ನು ಇಮೇಲಿನಲ್ಲಿ ತೆರೆದವರಿಗೆಲ್ಲ ಈ ಮೂರು ಗುರುತು ಗೊತ್ತು. ಅದು ‘ಶ್ರೀ’. ಪುಟಾಣಿ 2 ಅಂದರೆ ‘ಶಿ’. ಅಂಟಿದ ಎ-ಇ ಅಂದರೆ ರ ಒತ್ತು. ಅಲೆಯ ಎ ಅಂದರೆ ದೀರ್ಘ.

“ದೊಡ್ಡಪ್ಪ, ಫೈಲಿಗೆ ಏನೂ ಆಗಿಲ್ಲ. ಇದು ‘ಶ್ರೀ ಗಣಪತಯೇ ನಮಃ’ ಅಂತಲೇ ಇದೆ.”

“ಎಂತ ತಮಾಷೆ ಮಾಡ್ತೀಯೋ?”

ಆ ಸಾಲಿನ ಮೇಲೆ ಕ್ಲಿಕ್ ಮಾಡಿ, ವರ್ಡಿನ ಮೇಲ್ಭಾಗದಲ್ಲಿ ಫಾಂಟಿನ ಹೆಸರು ಇರುವ ಚೌಕ ನೋಡಿದೆ. ಅಲ್ಲಿ ‘ನುಡಿ’ ಅಂತ ಶುರುವಾಗುವ ಹೆಸರು ಇತ್ತು. ನುಡಿ ಅಂದರೆ ಕನ್ನಡ ಟೈಪ್ ಮಾಡುವ ಒಂದು ತಂತ್ರಾಂಶ. ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ವರ್ಡ್ ಅದರ ಹೆಸರನ್ನು ಮರೆಯುವುದಿಲ್ಲ. ಚೌಕದಲ್ಲಿ ಹಾಗೇ ಬರೆದಿರುತ್ತದೆ. ನಾಲ್ಕು ಜನ ನೋಡಿದ ಪರದೆಯ ಮೇಲೇ ಉತ್ತರ ಇಷ್ಟು ದಿನ ಕೂತಿತ್ತು.

ದೊಡ್ಡಪ್ಪನಿಗೆ ನಂಬಿಕೆ ಬರಲು ಒಂದು ಕಾಗದ ಬೇಕಾಯಿತು. ‘ಕನ್ನಡ’ ಅನ್ನುವ ಪದ ಹುಡುಕಿ ತೋರಿಸಿದೆ. ದೊಡ್ಡ ಪಿ, ಗೆರೆ ಎಳೆದ ಎ, ಪೌಂಡು, ಮತ್ತೆ ಅದೇ ಎ, ಬಿ ಥರ ಕಾಣುವ ಜರ್ಮನ್ನರ ಎಸ್, ಚಿಕ್ಕ ಕ್ಯೂ, ಮತ್ತೆ ಅದೇ ಎ. ಪಿ ಅಂದರೆ ತಲೆಕಟ್ಟು ಇಲ್ಲದ ‘ಕ’. ಪೌಂಡು ತಲೆಕಟ್ಟು ಇಲ್ಲದ ‘ನ’. ಗೆರೆ ಎಳೆದ ಎ ಅಂದರೆ ಬರೀ ತಲೆಕಟ್ಟು. ಜರ್ಮನ್ ಎಸ್ಸು ನ ಒತ್ತು. ಕ್ಯೂ ‘ಡ’. ಯೆನ್ ಗುರುತು ‘ಪ’.

ದೊಡ್ಡಪ್ಪ ಪದಬಂಧ ಬಿಡಿಸದೆ ಕಾಫಿ ಕುಡಿಯುವವರಲ್ಲ. ಕನ್ನಡಕ ಏರಿಸಿ ಪೆನ್ಸಿಲ್ ತಗೊಂಡರು. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಪರದೆಗೆ ಬೆರಳು ಹಚ್ಚಿ, “ಈ ಪಿ, ಕೊಂಬಿನ ಇ, ಜಿ, ಕೊಂಬಿನ ಇ. ಪ್ರತಿ ಪುಟದಲ್ಲೂ ಇದೆ. ಇದು ‘ಕೆರೆ’ ಅಲ್ವೇನೋ?” ಅಂದರು. ಹೌದು, ಅದು ‘ಕೆರೆ’.

ಯಾಕೆ ಹೀಗೆ

ಮೇಷ್ಟ್ರು ಅಲ್ವಾ, ಕಾರಣ ಕೇಳದೆ ಬಿಡಲಿಲ್ಲ. ನಾನು ಅಚ್ಚಿನ ಮೊಳೆಗಳ ಪೆಟ್ಟಿಗೆಯ ಉದಾಹರಣೆ ಕೊಟ್ಟೆ. ಆ ಕಾಲದ ಪ್ರೆಸ್ಸುಗಳನ್ನು ಅವರು ನೋಡಿದ್ದಾರೆ.

ಹಳೇ ಕಂಪ್ಯೂಟರಿನ ಫಾಂಟ್ ಅಂದರೆ 256 ಖಾನೆಗಳ ಒಂದು ಪೆಟ್ಟಿಗೆ. ಆ ಖಾನೆಗಳಿಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಹೆಸರು ಅಂಟಿಸಿತ್ತು. ಕನ್ನಡಕ್ಕೆ ಅಂತ ಖಾನೆ ಇರಲಿಲ್ಲ. ನಮ್ಮವರು ಜಾಣತನ ಮಾಡಿದರು. ಪಿ ಅನ್ನುವ ಖಾನೆಯಲ್ಲಿ ಪಿ ತೆಗೆದು ‘ಕ’ದ ಮೊಳೆ ಇಟ್ಟರು. ಪೌಂಡಿನ ಖಾನೆಯಲ್ಲಿ ‘ನ’. ಕನ್ನಡದ ಕಾಗುಣಿತ, ಒತ್ತು ಎಲ್ಲ ಸೇರಿದರೆ 256 ಎಲ್ಲಿಗೂ ಸಾಲುವುದಿಲ್ಲ. ಅದಕ್ಕೆ ಅಕ್ಷರವನ್ನೇ ತುಂಡು ಮಾಡಿ ತಲೆಕಟ್ಟು ಬೇರೆ, ಒತ್ತು ಬೇರೆ ಇಟ್ಟರು. ಕಂಪ್ಯೂಟರಿಗೆ ಮಾತ್ರ ಇದು ಗೊತ್ತೇ ಇಲ್ಲ. ಅದರ ಲೆಕ್ಕದಲ್ಲಿ ಅದು ಪೌಂಡೇ. ಪೆಟ್ಟಿಗೆ ಜೊತೆಗಿದ್ದರೆ ಕನ್ನಡ, ಪೆಟ್ಟಿಗೆ ಬಿಟ್ಟು ಫೈಲ್ ಮಾತ್ರ ಬೇರೆ ಮನೆಗೆ ಹೋದರೆ ಪೌಂಡು, ಯೆನ್ನು.

ನುಡಿ, ಬರಹ, ಶ್ರೀಲಿಪಿ ಅನ್ನುವ ಕನ್ನಡ ತಂತ್ರಾಂಶಗಳೆಲ್ಲವೂ ಅಂದು ಹೀಗೇ ಕೆಲಸ ಮಾಡುತ್ತಿದ್ದವು. ಅವುಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಆಮೇಲೆ ಬಂತು. ಅವು ಇಲ್ಲದಿದ್ದರೆ ದೊಡ್ಡಪ್ಪನ ಪುಸ್ತಕ ಹಸ್ತಪ್ರತಿಯಾಗಿಯೇ ಗೆದ್ದಲಿಗೆ ಹೋಗುತ್ತಿತ್ತು.

ಪ್ರತಿ ಭಾಷೆಯ ಅಕ್ಷರಗಳಿಗೂ ಅವುಗಳದ್ದೇ ಖಾನೆ ಕೊಡುವ ಯೂನಿಕೋಡ್ ಪದ್ಧತಿ ಆಗ ಇರಲಿಲ್ಲ ಅಂತಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಂತ 128 ಖಾನೆ ಮೀಸಲಾಗಿತ್ತು. ಅಲ್ಲಿ ‘ನ’ ಅಂದರೆ ‘ನ’, ಯಾವ ಊರಿಗೆ ಹೋದರೂ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನುವ ಕನ್ನಡ ಫಾಂಟೂ ಬಂತು. ಆದರೆ ಅದನ್ನು ಎಬ್ಬಿಸಬೇಕಾದರೆ ಕಂಟ್ರೋಲ್ ಪ್ಯಾನೆಲ್ಲಿನ ಒಳಗೆಲ್ಲೋ ಒಂದು ಟಿಕ್ ಹಾಕಬೇಕಿತ್ತು. ಟಿಕ್ ಹಾಕಿದರೆ ವಿಂಡೋಸಿನ ಮೂಲ ಸಿ.ಡಿ. ಕೊಡು ಅನ್ನುತ್ತಿತ್ತು. 2006ರಲ್ಲಿ ಮೂಲ ಸಿ.ಡಿ. ಇಟ್ಟುಕೊಂಡಿದ್ದ ಡಿಟಿಪಿ ಸೆಂಟರ್ ಎಷ್ಟಿದ್ದವು ಅಂತ ನಾನು ಹೇಳಬೇಕಾಗಿಲ್ಲ. ಮೇಲಾಗಿ ಅವರೆಲ್ಲ ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರಿನಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಬರುತ್ತಲೇ ಇರಲಿಲ್ಲ. 2001ರ 7.0 ಆದ ಮೇಲೆ ಪೇಜ್‌ಮೇಕರಿನ ಹೊಸ ಆವೃತ್ತಿಯೂ ಬರಲಿಲ್ಲ.

ಚಿಕಿತ್ಸೆ

ನುಡಿ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ನನ್ನ ಫೋನಿನ ಇಂಟರ್ನೆಟ್ ಹಚ್ಚಿ ಇಳಿಸಿಕೊಂಡೆ. ಫಾಂಟುಗಳು ಕೂತ ಮೇಲೆ ವರ್ಡ್ ಮುಚ್ಚಿ ತೆರೆದೆ. ಅಷ್ಟೇ. ಗೆರೆ ಎಳೆದ ಎಗಳೆಲ್ಲ ತಲೆಕಟ್ಟಾಗಿ ಕೂತಿದ್ದವು. ದೊಡ್ಡಪ್ಪ ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. ಒಳಗಿನಿಂದ ದೊಡ್ಡಮ್ಮ, “ಬಂತಾ?” ಅಂದರು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಪಿಡಿಎಫ್ ಮಾಡಿದರೆ ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ, ಅಮೆರಿಕದ ಫೋನಿನಲ್ಲೂ ಸರಿಯಾಗಿ ಕಾಣುತ್ತದೆ. ಮಾಡಿ ಕಳಿಸಿದೆವು ಕೂಡ. ಆದರೆ ಹೊಸ ಮುದ್ರಣಕ್ಕೆ ಒಂದು ಅಧ್ಯಾಯ ಸೇರಿಸಬೇಕು, ಹೂಳೆತ್ತಿದ ಕತೆ. ದೊಡ್ಡಪ್ಪ ಅದನ್ನು ಆಗಲೇ ಫೋನಿನಲ್ಲಿ ಬರೆದಿಟ್ಟಿದ್ದರು. ಫೋನಿನ ಕನ್ನಡ ಯೂನಿಕೋಡ್. ಒಂದೇ ಪುಸ್ತಕದಲ್ಲಿ ಎರಡು ಥರದ ಕನ್ನಡ ಸೇರಿಸಿದರೆ ಇನ್ನೊಂದು ಇಪ್ಪತ್ತು ವರ್ಷಕ್ಕೆ ಇನ್ಯಾರೋ ಹೀಗೇ ಕೂರಬೇಕಾಗುತ್ತದೆ. ಪೂರ್ತಿ ಯೂನಿಕೋಡಿಗೆ ತಿರುಗಿಸುವುದು ಅಂತ ತೀರ್ಮಾನವಾಯಿತು.

ತಿರುಗಿಸುವ ಪರಿವರ್ತಕಗಳು ಹಲವಿವೆ. ಮೊದಲು ಕೈಗೆ ಸಿಕ್ಕ ಒಂದರಲ್ಲಿ ಹಾಕಿದೆ. ‘ಕರ್ನಾಟಕ’ ಹೋಗಿ ‘ಕನರ್ಾಟಕ’ ಬಂತು. ‘ವರ್ಷ’ ‘ವಷರ್’ ಆಯಿತು. ಜಾಲತಾಣಗಳಲ್ಲಿ, ಹಳೇ ಸುದ್ದಿಗಳಲ್ಲಿ ನೀವೂ ಈ ‘ಕನರ್ಾಟಕ’ ನೋಡಿರುತ್ತೀರಿ. ಇದು ಅರ್ಕಾವತ್ತಿನ ಕಿತಾಪತಿ. ಹಳೇ ಫಾಂಟಿನಲ್ಲಿ ನಾವು ಕಣ್ಣಿಗೆ ಕಂಡಂತೆ, ಅಕ್ಷರ ಆದ ಮೇಲೆ ಅರ್ಕಾವತ್ತು ಕೂರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳಿದಂತೆ, ‘ರ್’ ಮೊದಲು ಬರಬೇಕು. ತಿರುಗಿಸುವಾಗ ಅದನ್ನು ಎತ್ತಿ ಮುಂದಕ್ಕೆ ತರದಿದ್ದರೆ ಹೀಗಾಗುತ್ತದೆ. ಬೇರೊಂದು ಪರಿವರ್ತಕದಲ್ಲಿ ಹಾಕಿದ ಮೇಲೆ ಅದು ಸರಿಹೋಯಿತು.

ಆಮೇಲೆ ಇನ್ನೊಂದು. ಪುಸ್ತಕದಲ್ಲಿ ಲೋಕೋಪಯೋಗಿ ಇಲಾಖೆಯ ಹೆಸರು ಅಲ್ಲಲ್ಲಿ ಇಂಗ್ಲಿಷಿನ ಮೂರು ಅಕ್ಷರದಲ್ಲಿತ್ತು, ಪಿ, ಡಬ್ಲ್ಯು, ಡಿ. ಪರಿವರ್ತಕ ಅದನ್ನೂ ಕನ್ನಡವೇ ಅಂದುಕೊಂಡು ಕ, ಘ, ಆ ಸೇರಿಸಿ ಏನೋ ಒಂದು ಮಾಡಿತ್ತು. ಅದನ್ನು ಉಚ್ಚರಿಸಲು ನೋಡಿ ದೊಡ್ಡಪ್ಪ ಕೆಮ್ಮಿದರು. “ಇಲಾಖೆಗೆ ಸರಿಯಾದ ಹೆಸರೇ” ಅಂದರು.

ನನಗೆ ಅತಿ ಇಷ್ಟವಾದ ತಪ್ಪು ಮಾತ್ರ ಪರಿವರ್ತಕದ್ದಲ್ಲ, 2006ರದ್ದೇ. ಎರಡು ಕಡೆ ವಾಕ್ಯದ ಶುರುವಿನಲ್ಲಿ ‘ದೇವರು’ ಇರಬೇಕಾದಲ್ಲಿ ‘ಚೇವರು’ ಇತ್ತು. ಟೈಪ್ ಮಾಡಿದವರ ತಪ್ಪು ಅಂತ ಬಿಡಲಿದ್ದೆ. ಆಮೇಲೆ ಹೊಳೆಯಿತು. ಹಳೇ ಫಾಂಟಿನಲ್ಲಿ ‘ದ’ ಅಂದರೆ ಚಿಕ್ಕ ಝಡ್, ‘ಚ’ ಅಂದರೆ ದೊಡ್ಡ ಝಡ್. ವಾಕ್ಯ ಶುರುವಾದರೆ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಚಾಳಿ ವರ್ಡಿಗಿದೆ. ಇಂಗ್ಲಿಷ್ ವ್ಯಾಕರಣ ತಿದ್ದುತ್ತೇನೆ ಅಂತ ಅದು ದೇವರನ್ನು ಚೇವರು ಮಾಡಿತ್ತು.

ನನ್ನ ತಪ್ಪು

ಎರಡು ದಿನ ಇಬ್ಬರೂ ಕೂತು ಪ್ರೂಫ್ ನೋಡಿದೆವು. ಮೂರನೇ ದಿನ ದೊಡ್ಡಪ್ಪ ಉಳಿದಿದ್ದ ಒಂದೇ ಒಂದು ಅಚ್ಚಿನ ಪ್ರತಿಯನ್ನು ತಂದರು. ಹುಳ ತೂತು ಕೊರೆದ ಪ್ರತಿ. 31ನೇ ಪುಟಕ್ಕೆ ಬಂದಾಗ ತಡೆದರು. “ಇದು ನಾನು ಕೊನೆಗೆ ಬದಲಾಯಿಸಿದ್ದೆನಲ್ಲ. ಇಲ್ಲಿ ಹಳೇದೇ ಇದೆ.”

ಆಗ ಅರ್ಥವಾಯಿತು. ವರ್ಡ್ ಫೈಲ್ ಮೊದಲ ಟೈಪಿಂಗ್ ಮಾತ್ರ. ಅದನ್ನು ಪೇಜ್‌ಮೇಕರಿಗೆ ಹಾಕಿದ ಮೇಲೆ ದೊಡ್ಡಪ್ಪ ಮಾಡಿದ ತಿದ್ದುಪಡಿಗಳೆಲ್ಲ ಪೇಜ್‌ಮೇಕರ್ ಫೈಲಿನಲ್ಲೇ ಉಳಿದಿವೆ. ಅದನ್ನು ಕೇಳಿಕೊಳ್ಳದೆ ನಾನು ತೆರೆದ ಫೈಲನ್ನೇ ಅಂತಿಮ ಪ್ರತಿ ಅಂದುಕೊಂಡಿದ್ದೆ. ಕೇಳಿದ್ದರೆ ಒಂದು ನಿಮಿಷದ ಮಾತು. ಎರಡು ದಿನದ ಕೆಲಸ ಅರ್ಧಕ್ಕರ್ಧ ನೀರಲ್ಲಿ.

ಪೇಜ್‌ಮೇಕರ್ ಫೈಲ್ ತೆರೆಯುವ ಹಳೇ ಯಂತ್ರ ಹುಡುಕುತ್ತಾ ಅಲೆಯುವ ಬದಲು ಅಚ್ಚಿನ ಪ್ರತಿಯನ್ನೇ ನಂಬಿದೆವು. ಪುಟ ಪುಟವೂ ಹೋಲಿಸಿದಾಗ ಜಾಸ್ತಿ ಬದಲಾದದ್ದು 11 ಪುಟ ಅಂತ ಸಿಕ್ಕಿತು. ಅಷ್ಟನ್ನೂ ಫೋನಿನಲ್ಲಿ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದೆ. ಚಿತ್ರದಲ್ಲಿರುವ ಕನ್ನಡವನ್ನು ಅದು ಅಕ್ಷರ ಮಾಡಿಕೊಡುತ್ತದೆ. ಹುಳ ತಿಂದ ಜಾಗ ಬಿಟ್ಟರೆ ಪರವಾಗಿಲ್ಲ ಅನ್ನುವಷ್ಟು ಚೆನ್ನಾಗಿಯೇ ಓದಿತು. ಉಳಿದ ಸಣ್ಣಪುಟ್ಟ ತಿದ್ದುಪಡಿ ಕೈಯಲ್ಲೇ ಮಾಡಿದೆವು.

ಕೊನೆಯ ಪ್ರಹಸನ ಪ್ರೆಸ್ಸಿನಲ್ಲಿ. ಫೈಲ್ ನೋಡಿದ ಪ್ರೆಸ್ಸಿನವರು, “ಯೂನಿಕೋಡ್ ಬೇಡ ಸಾರ್, ನಮ್ಮದು ಪೇಜ್‌ಮೇಕರ್. ನುಡಿಯಲ್ಲಿ ಕೊಡಿ” ಅಂದರು. ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅಲ್ಲಿ ಟೈಪ್ ಮಾಡುವ ಹುಡುಗಿಗೆ ಯೂನಿಕೋಡ್ ಅಂದರೆ ಬೆರಳಿಗೆ ಹೊಸ ಕೀಲಿಮಣೆ ಕಲಿಸಬೇಕು ಅನ್ನುವ ಭಯ ಇತ್ತು. ಹಾಗೇನಿಲ್ಲ. ನುಡಿಯಲ್ಲಿ ಬಳಸುವ, ಕೆ.ಪಿ. ರಾಯರು ರೂಪಿಸಿದ ಅದೇ ಕೀಲಿಮಣೆಯಲ್ಲಿ ಒತ್ತುವ ಕೀ ಒಂದೂ ಬದಲಾಗುವುದಿಲ್ಲ, ನುಡಿಯಲ್ಲೇ ಯೂನಿಕೋಡ್ ಆರಿಸಿಕೊಂಡರೆ ಸಾಕು. ಅವಳಿಗೆ ತೋರಿಸಿದೆ. ಎರಡು ಸಾಲು ಟೈಪ್ ಮಾಡಿ, “ಇಷ್ಟೇನಾ?” ಅಂದಳು. ಆದರೂ ಪುಟ ಕಟ್ಟುವ ಪೇಜ್‌ಮೇಕರ್ ಬದಲಾಗಬೇಕಲ್ಲ. ನಾವೇ ವರ್ಡಿನಲ್ಲಿ ಪುಸ್ತಕದ ಅಳತೆಗೆ ಪುಟ ಕಟ್ಟಿ ಪಿಡಿಎಫ್ ಕೊಟ್ಟೆವು. ಅದನ್ನು ತಗೊಳ್ಳಲು ಅವರ ತಕರಾರಿರಲಿಲ್ಲ. ಸಿ.ಡಿ. ಮತ್ತೆ ರೇಷ್ಮೆ ಸೀರೆಗಳ ನಡುವೆ ಹೋಯಿತು. ಜೊತೆಗೆ ಹೊಸ ಫೈಲ್ ಮೂರು ಕಡೆ ಇದೆ.

ಹೊರಡುವ ಮುನ್ನ ದೊಡ್ಡಪ್ಪನಿಗೆ ಹುಡುಕುವುದು ಹೇಗೆ ಅಂತ ತೋರಿಸಿದೆ. ಹಳೇ ಫೈಲಿನಲ್ಲಿ ಅವರ ಫೋನಿನ ಕನ್ನಡದಿಂದ ಒಂದು ಪದ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಅಲ್ಲಿದ್ದದ್ದು ಪೌಂಡು, ಯೆನ್ನು. ಅವರು ನಿಧಾನವಾಗಿ ‘ತೂಬು’ ಅಂತ ಟೈಪ್ ಮಾಡಿದರು. 23 ಕಡೆ ಇದೆ ಅಂತ ಬಂತು. ಒಂದೊಂದೇ ನೋಡುತ್ತಾ ಹೋದರು. ಆಮೇಲೆ ಏನೋ ಅನುಮಾನ ಬಂದು ‘ತುಂಬು’ ಅಂತ ಹೊಡೆದರು. ಇನ್ನೂ 6 ಕಡೆ ಸಿಕ್ಕಿತು. ಅವುಗಳಲ್ಲಿ 2 ಕಡೆ ಮಾತ್ರ ಕೆರೆ ತುಂಬಿದ ಮಾತು. ಉಳಿದ 4 ತೂಬೇ, ತಪ್ಪಾಗಿ ಬರೆದದ್ದು.

“ಅಯ್ಯೋ, ಅಚ್ಚಿಗೆ ಹೋಯ್ತಲ್ಲೋ!”

“ಇನ್ನೂ ಪ್ಲೇಟ್ ಮಾಡಿಲ್ಲ ದೊಡ್ಡಪ್ಪ. ಫೋನ್ ಮಾಡಿ.”

ಪ್ರೆಸ್ಸಿನವರ ನಂಬರಿಗಾಗಿ ಅವರು ತಡಕಾಡತೊಡಗಿದರು.